ತಮ್ಮನಿಗೆ ಸ್ವರ್ಗ ಸಿಕ್ಕಿತಂತೆ, ಹಾಗಾದ್ರೆ ನಾನು ದುಡಿದದ್ದು?

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಅಕ್ಕನಿಗೆ ಐವತ್ತು ದಾಟಿದೆ, ಮದುವೆಯಾಗಿಲ್ಲ. ಮೂಡಿಗೆರೆ ಕಡೆಯ ಕಥೋಲಿಕ ಮನೆ. ಅಮ್ಮನಿಗೆ ಲಕ್ವ ಹೊಡೆದು 11 ವರ್ಷ ಹಾಸಿಗೆಯಲ್ಲೇ ಇದ್ದರು, ನೋಡಿಕೊಂಡಿದ್ದು ಅಕ್ಕ ಒಬ್ಬರೇ. ತಮ್ಮ ಕುಡಿಯುತ್ತಿದ್ದ. ಅಮ್ಮನ ಹೆಸರಲ್ಲಿದ್ದ ಎರಡು ಎಕರೆ ಕಾಫಿ ತೋಟದ ಫಸಲನ್ನೆಲ್ಲ ಅವನೇ ಮಾರಿಕೊಂಡ. ಅಕ್ಕನ ಬಳೆ, ಸರ ಅಡವಿಟ್ಟ. ಅಮ್ಮ ತೀರಿಕೊಂಡ ಮರುವರ್ಷ ಅವನಿಗೂ ಲಿವರ್ ಕೈಕೊಟ್ಟಿತು. ಕೊನೆಯ ಮೂರು ವಾರ ಒಂದು ಪ್ರಾರ್ಥನಾ ಕೂಟದವರು ಆಸ್ಪತ್ರೆಗೆ ಬಂದು ಅವನ ಜೊತೆ ಕೂತರು. ಅವನು ಅತ್ತು, ಪಾಪ ಒಪ್ಪಿಕೊಂಡು, ಯೇಸುವನ್ನು ನಂಬುತ್ತೇನೆ ಎಂದು ಹೇಳಿ ಪ್ರಾಣ ಬಿಟ್ಟ. ಮಣ್ಣಾದ ಮೇಲೆ ಮನೆಯಲ್ಲಿ ನಡೆದ ಪ್ರಾರ್ಥನೆಯಲ್ಲಿ ಆ ಕೂಟದ ಪಾಸ್ಟರ್ ಹೇಳಿದರಂತೆ: ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದು ಕೊನೆ ಗಳಿಗೆಯಲ್ಲಿ ನಂಬಿದ ಕಳ್ಳನಿಗೆ ಸಿಕ್ಕ ಹಾಗೆ ಇವನಿಗೂ ಪರದೈಸು, ಅಂದರೆ ಸ್ವರ್ಗ, ಸಿಕ್ಕಿದೆ, ಕ್ರಿಯೆಗಳಿಂದ, ಅಂದರೆ ಮಾಡಿದ ಒಳ್ಳೆಯ ಕೆಲಸಗಳಿಂದ, ಯಾರಿಗೂ ರಕ್ಷಣೆ ಇಲ್ಲ.

ಅಕ್ಕ ಅವತ್ತಿನಿಂದ ಚರ್ಚಿಗೆ ಹೋಗುವುದನ್ನು ಬಿಟ್ಟರು. ಊಟ ಕಮ್ಮಿಯಾಯಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಪರಿಚಯದ ಸಿಸ್ಟರ್ ಒಬ್ಬರು ನನ್ನ ಹತ್ತಿರ ಕಳಿಸಿದರು.

ಮೊದಲು ಕೇಳಲೇಬೇಕಾದ್ದನ್ನು ಕೇಳಿದೆ: ಸಾಯಬೇಕು ಅನ್ನಿಸುತ್ತಾ? ಇಲ್ಲ ಅಂದರು. "ಸಾಯೋದಕ್ಕಲ್ಲ, ಕೇಳೋದಕ್ಕೆ ಬಂದಿದ್ದೀನಿ. ಕೊನೇಲಿ ಒಂದು ಮಾತು ಹೇಳಿದ್ರೆ ಸಾಕು ಅಂದ್ರೆ, ನಾನು ಮಾಡಿದ್ದು ಯಾಕೆ?" ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು.

ಡಾಕ್ಟರ್ ಹೇಳಿದ್ದಕ್ಕೆ ಬರೆಯಲು ಶುರು ಮಾಡಿದ ಪುಸ್ತಕ ಅದು. ಗೆರೆ ಎಳೆದು ಕಾಲಂ ಮಾಡಿದ್ದರು. ಬಿಪಿ, ಶುಗರ್, ಮಾತ್ರೆ, ಗಂಜಿ ಎಷ್ಟು ಹೋಯಿತು, ಎಡಕ್ಕೆ ಮಲಗಿಸಿದ್ದು, ಬಲಕ್ಕೆ ಮಲಗಿಸಿದ್ದು. ಬೆನ್ನು ಹುಣ್ಣಾಗಬಾರದು ಅಂತ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಲ್ವಾ, ಅದರ ಲೆಕ್ಕ. ರಾತ್ರಿ ಎರಡರದ್ದೂ ಇತ್ತು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡರ ಹತ್ತಿರ ಒಂದು ಸಣ್ಣ ಗುರುತು. ತೋಟದಿಂದ ಓಡಿ ಬಂದು ಬಟ್ಟೆ ಬದಲಿಸಿ ವಾಪಸ್ ಓಡಿದ್ದಕ್ಕೆ. ಹಿಂದಿನ ಪುಟಗಳಲ್ಲಿ ಬೇರೆ ಪೆನ್ನಿನಲ್ಲಿ ತಮ್ಮ ಯಾವಾಗ ಎಷ್ಟು ತೆಗೆದುಕೊಂಡು ಹೋದ ಅಂತ ಇತ್ತು.

ಆ ಪುಸ್ತಕವನ್ನು ನಿಧಾನವಾಗಿ, ಅವರ ಮುಂದೆಯೇ, ಪುಟ ಬಿಡದೆ ನೋಡಿದೆ. ಇದನ್ನು ಇಲ್ಲಿ ಬರೆಯಲು ಕಾರಣ ಇದೆ. ಇಂಥವರಿಗೆ ಬಂದ ಕೂಡಲೇ ವಾಕ್ಯ ಓದಿ ಸಮಾಧಾನ ಹೇಳುವವರು ಜಾಸ್ತಿ. ಅವರು ಏನು ಮಾಡಿದರು ಅಂತ ಕೂತು ನೋಡಿದವರು ಯಾರೂ ಇರುವುದಿಲ್ಲ.

ಧರ್ಮದ ಪ್ರಶ್ನೆಗೆ ತೀರ್ಪು ಕೊಡುವುದು ಆಪ್ತಸಲಹೆಗಾರರ ಕೆಲಸ ಅಲ್ಲ. ಆದರೆ ಅಕ್ಕ ನಿಜವಾಗಿ ಉತ್ತರ ಬೇಕೆಂದೇ ಕೇಳುತ್ತಿದ್ದರು. "ನಿಮಗೆ ಹೇಗೆ ಅನ್ನಿಸುತ್ತೆ" ಅಂತ ಅದನ್ನು ಅವರ ಕಡೆಗೇ ತಿರುಗಿಸಿದ್ದರೆ ಅನ್ಯಾಯವಾಗುತ್ತಿತ್ತು. ನಾನೂ ಬೈಬಲ್ ಓದಿಕೊಂಡೇ ಬೆಳೆದವಳು. ತಿಳಿದಷ್ಟು ಹೇಳಿದೆ.

ಪೌಲ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ಅದು ದೇವರ ವರ, ಕ್ರಿಯೆಗಳಿಂದ ಬಂದದ್ದಲ್ಲ ಅನ್ನುತ್ತಾನೆ. 8, 9ನೇ ವಚನ. ಪಾಸ್ಟರ್ ಹೇಳಿದ್ದು ಅದನ್ನೇ. ಆದರೆ 10ನೇ ವಚನವೂ ಅಲ್ಲೇ ಇದೆ: ಒಳ್ಳೆಯ ಕೆಲಸ ಮಾಡಲಿಕ್ಕೆಂದೇ ದೇವರು ನಮ್ಮನ್ನು ಸೃಷ್ಟಿಸಿದ. ಯಾಕೋಬ ತನ್ನ ಪತ್ರದಲ್ಲಿ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನುತ್ತಾನೆ. ಅವನು ಕೊಡುವ ಉದಾಹರಣೆ ದೊಡ್ಡ ದಾನಧರ್ಮದ್ದಲ್ಲ. ಮೈಮೇಲೆ ಬಟ್ಟೆ ಇಲ್ಲದವರಿಗೆ, ಹೊಟ್ಟೆಗಿಲ್ಲದವರಿಗೆ "ಹೋಗಿ, ಬೆಚ್ಚಗಿರಿ, ಹೊಟ್ಟೆತುಂಬ ಉಣ್ಣಿ" ಅಂತ ಬರೀ ಬಾಯಲ್ಲಿ ಹೇಳಿದರೆ ಏನು ಬಂತು ಅಂತ ಕೇಳುತ್ತಾನೆ. ಬಟ್ಟೆ, ಊಟ. ನೋಟ್‌ಬುಕ್ಕಿನಲ್ಲಿ ಇದ್ದಿದ್ದೂ ಅದೇ.

"ಹಾಗಾದ್ರೆ ನಮ್ಮ ಚರ್ಚು ಕಲಿಸಿದ್ದು ಸರಿ, ಅವರದ್ದು ತಪ್ಪು" ಅಂದರು ಅಕ್ಕ. ಅಷ್ಟು ಸುಲಭ ಅಲ್ಲ ಅಂದೆ. ಒಳ್ಳೇ ಕೆಲಸ ಮಾಡಿ ಸ್ವರ್ಗ ಕೊಂಡುಕೊಳ್ಳಬಹುದು ಅಂತ ಕಥೋಲಿಕ ಸಭೆ ಕಲಿಸುವುದಿಲ್ಲ. ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಎಬ್ಬಿಸಿದ ಪ್ರಶ್ನೆಗೆ ಉತ್ತರವಾಗಿ 1547ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಕೊಟ್ಟ ಬೋಧನೆಯಲ್ಲೇ ಇದೆ: ದೇವರು ನಮ್ಮನ್ನು ನೀತಿವಂತರನ್ನಾಗಿ ಮಾಡುವುದಕ್ಕೆ ಮುಂಚೆ ನಮ್ಮಲ್ಲಿರುವ ಯಾವುದೂ, ನಂಬಿಕೆಯಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನು ಗಳಿಸಿಕೊಡುವುದಿಲ್ಲ. ಆ ಕಡೆ ಲೂಥರನೂ ನಿಜವಾದ ನಂಬಿಕೆ ಒಳ್ಳೆಯದನ್ನು ಮಾಡದೆ ಸುಮ್ನೆ ಇರಲಾರದು ಅಂತಲೇ ಬರೆದ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕಥೋಲಿಕರು ಮತ್ತು ಲೂಥರನ್ನರು ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಪ್ರೊಟೆಸ್ಟಂಟರ ಇನ್ನೊಂದು ಪಂಗಡವಾದ ಮೆಥೊಡಿಸ್ಟರೂ ಸೇರಿದರು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ. ಆ ಕೃಪೆಯೇ ಒಳ್ಳೆಯ ಕೆಲಸಕ್ಕೆ ನಮ್ಮನ್ನು ಕರೆದು ಸಿದ್ಧಮಾಡುತ್ತದೆ. ಇಷ್ಟನ್ನು ಎರಡೂ ಕಡೆಯವರು ಒಟ್ಟಿಗೆ ಹೇಳಿದ್ದಾರೆ. ಕೃಪೆ ಪಡೆದ ಮೇಲೆ ಮಾಡಿದ ಸತ್ಕಾರ್ಯಕ್ಕೆ ಪ್ರತಿಫಲದ ಹಕ್ಕು ಇದೆಯೇ ಅನ್ನುವಂಥ ಮಾತಿನಲ್ಲಿ ಭೇದ ಇನ್ನೂ ಇದೆ. ಅದನ್ನು ಮುಚ್ಚಿಡಲಿಲ್ಲ.

ಅಕ್ಕ ಎಲ್ಲ ಕೇಳಿಸಿಕೊಂಡರು. ಸಿಟ್ಟು ಇಳಿಯಲಿಲ್ಲ. ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿ (ದೃಷ್ಟಾಂತ ಕಥೆ) ಅವರಿಗೇ ನೆನಪಾಯಿತು, ಮತ್ತಾಯನ 20ನೇ ಅಧ್ಯಾಯದ್ದು. "ಬೆಳಿಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ. ನಮ್ಮ ಕಡೆ ಎಸ್ಟೇಟಲ್ಲಿ ಹಂಗೆ ಕೊಟ್ರೆ ನಾಳೆ ಬೆಳಿಗ್ಗೆ ಒಬ್ಬರೂ ಬರಲ್ಲ ಮೇಡಂ." ಸರಿಯಾದ ಮಾತು. ಆ ಕಥೆಯಲ್ಲೂ ಬೆಳಿಗ್ಗೆ ಬಂದವರು ಗೊಣಗುತ್ತಾರೆ.

ಆಗ ಕೇಳಿದೆ: ಅಮ್ಮನ್ನ ನೋಡಿಕೊಂಡಿದ್ದು ಸ್ವರ್ಗಕ್ಕೆ ಅಂತಾನಾ?

ತುಂಬ ಹೊತ್ತು ಮಾತಾಡಲಿಲ್ಲ. "ಇಲ್ಲ. ಅಮ್ಮನಿಗೆ ಅಂತ." ಮತ್ತೆ, "ಒಬ್ಬರಾದ್ರೂ ಬಂದು, ಇವತ್ತು ರಾತ್ರಿ ನೀನು ಮಲಗು, ನಾನು ನೋಡ್ಕೋತೀನಿ ಅನ್ನಲಿಲ್ಲ." ಆಮೇಲೆ ಅತ್ತರು.

ನನ್ನ ಮಟ್ಟಿಗೆ ಪ್ರಕರಣದ ಗಂಟು ಇರುವುದು ಇಲ್ಲಿ. ಅಕ್ಕನ ತಕರಾರು ದೇವರ ಮೇಲಿತ್ತು ಅನ್ನುವುದಕ್ಕಿಂತ ಮನೆಯವರ ಮೇಲಿತ್ತು. 11 ವರ್ಷದ ಕೆಲಸವನ್ನು ಯಾರೂ ಗುರುತಿಸಲಿಲ್ಲ. ಕಡೆಗೆ ಒಂದು ಪ್ರಾರ್ಥನೆಯಲ್ಲಿ, ಎಲ್ಲರೆದುರು, ಕ್ರಿಯೆಗೆ ಬೆಲೆ ಇಲ್ಲ ಅಂತ ಕೇಳಿಸಿತು. ಪಾಸ್ಟರ್ ಹೇಳಿದ್ದು ದೇವರ ಮುಂದಿನ ಮಾತು. ಇವರ ಕಿವಿಗೆ ಬಿದ್ದಿದ್ದು ಮನೆಯವರ ಮಾತು.

ಲೂಕನ 15ನೇ ಅಧ್ಯಾಯವನ್ನು ಇಬ್ಬರೂ ಒಟ್ಟಿಗೆ ಓದಿದೆವು, ತಪ್ಪಿಹೋದ ಮಗನ ಕಥೆ. ಕಿರಿಯ ಮಗ ತನ್ನ ಪಾಲು ತೆಗೆದುಕೊಂಡು ಹೋಗಿ, ಎಲ್ಲ ಹಾಳು ಮಾಡಿಕೊಂಡು ವಾಪಸ್ ಬರುತ್ತಾನೆ. ಎಲ್ಲರೂ ಕಿರಿಯವನ ಬಗ್ಗೆಯೇ ಪ್ರಸಂಗ ಮಾಡುತ್ತಾರೆ. ಹಿರಿಯ ಮಗ ಸಿಟ್ಟಿನಿಂದ ಹೊರಗೇ ನಿಂತಾಗ ಅಪ್ಪ ಅವನನ್ನು ಗದರಿಸುವುದಿಲ್ಲ. ತಾನೇ ಎದ್ದು ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಪ್ಪ ಕಿರಿಯವನನ್ನು ತಬ್ಬಿಕೊಂಡ, ಔತಣ ಮಾಡಿಸಿದ, ಆದರೆ ಆಸ್ತಿಯನ್ನು ಮತ್ತೆ ಪಾಲು ಮಾಡಲಿಲ್ಲ. "ನನ್ನದೆಲ್ಲಾ ನಿನ್ನದೇ" ಅಂತ ಹಿರಿಯವನಿಗೆ ಹೇಳಿದ. ತಮ್ಮನಿಗೆ ಕ್ಷಮೆ ಸಿಕ್ಕಿದ್ದರಿಂದ ಅಣ್ಣನ ಪಾಲಿನಲ್ಲಿ ಒಂದು ಕಾಸೂ ಕಮ್ಮಿಯಾಗಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ, ತಮ್ಮನ ಮಗ ಆಗಲೇ ತೋಟ ತನ್ನದು ಅಂತ ಓಡಾಡುತ್ತಿದ್ದ. ಕೇಳಿದರೆ, "ಅಪ್ಪ ಕ್ಷಮೆ ಪಡ್ಕೊಂಡು ಹೋದ್ರು, ಈಗ ಹಳೇ ಲೆಕ್ಕ ಯಾಕೆ ಅತ್ತೆ?" ಅನ್ನುತ್ತಿದ್ದ. ಈ ಮಾತು ನನಗೆ ಬೇರೆ ಮನೆಗಳಿಂದಲೂ ಬಂದಿದೆ. ಇದು ಪೂರ್ತಿ ತಪ್ಪು, ಹೀಗೆ ಹೇಳುವುದು ಕೃಪೆಯನ್ನೇ ಅಗ್ಗ ಮಾಡಿದ ಹಾಗೆ.

ನಾನು ಕೊಟ್ಟ ಸಲಹೆ ಹೀಗಿತ್ತು. ತಮ್ಮನಿಗೆ ಸ್ವರ್ಗ ಸಿಕ್ಕಿತೋ ಇಲ್ಲವೋ ಅನ್ನುವುದನ್ನು ನೀವು ತೀರ್ಮಾನ ಮಾಡಬೇಕಾಗಿಲ್ಲ, ಯಾರ ಜೊತೆಗೂ ವಾದ ಮಾಡಬೇಡಿ. ಕಳ್ಳನಿಗೆ ಸಿಕ್ಕಿದ್ದು ನಿಜ, ಅಂಥ ಕರುಣೆ ನಮಗೂ ಬೇಕಾಗುತ್ತದೆ. ಆದರೆ ಕಳ್ಳ ಶಿಲುಬೆಯ ಮೇಲೆ ಸಾಯುತ್ತಿದ್ದ, ಏನನ್ನೂ ವಾಪಸ್ ಕೊಡುವ ಸ್ಥಿತಿ ಅವನಿಗಿರಲಿಲ್ಲ. ಬೈಬಲಿನಲ್ಲೇ ಬರುವ ತೆರಿಗೆ ವಸೂಲಿಗಾರ ಜಕ್ಕಾಯನಿಗಿತ್ತು. ಯೇಸು ತಾನಾಗಿಯೇ ಅವನ ಮನೆಗೆ ಬರುತ್ತೇನೆ ಅಂದದ್ದು ಮೊದಲು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂತ ಜಕ್ಕಾಯ ಹೇಳಿದ್ದು ಆಮೇಲೆ. ತಮ್ಮ ಸತ್ತಿದ್ದಾನೆ, ಸರಿ. ಆದರೆ ಅವನು ತೆಗೆದುಕೊಂಡದ್ದು ಅವನ ಮನೆಯಲ್ಲಿ ಇದೆ. ಅದನ್ನು ಕೇಳಿದರೆ ಅವನ ಕ್ಷಮೆಯನ್ನು ಪ್ರಶ್ನೆ ಮಾಡಿದ ಹಾಗಲ್ಲ.

ಕಾನೂನಿನ ವಿಷಯ ಚುಟುಕಾಗಿ ತಿಳಿಸಿದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅಮ್ಮ ವಿಲ್ ಬರೆಯದೆ ತೀರಿಕೊಂಡಿದ್ದರು, ಅಪ್ಪ ಮೊದಲೇ ಇಲ್ಲ. ಹಾಗಿದ್ದಾಗ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಲಾಯರ್ ಫೀಸಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ ಅಂದೆ.

ನಿದ್ದೆ, ಊಟಕ್ಕೆ ಒಮ್ಮೆ ಡಾಕ್ಟರನ್ನು ಕಾಣಲು ಕಳಿಸಿದೆ. ಚರ್ಚಿನ ಹೂವಿನ ಕೆಲಸ, ಹಬ್ಬದ ಅಡುಗೆ, ಮಕ್ಕಳ ಉಪದೇಶ, ಎಲ್ಲವನ್ನೂ ಅಕ್ಕನೇ ಹೊತ್ತಿದ್ದರು. ಈಗ ಬಿಟ್ಟಿದ್ದಕ್ಕೆ ಅಪರಾಧಿ ಭಾವ ಬೇರೆ. ಬಲಿಪೂಜೆಗೆ (ಚರ್ಚಿನ ಮುಖ್ಯ ಆರಾಧನೆಗೆ) ಹೋಗಬೇಕು ಅನ್ನಿಸಿದರೆ ಸುಮ್ನೆ ಹೋಗಿ ಕೂತು ಬನ್ನಿ, ಆರು ತಿಂಗಳು ಯಾವ ಜವಾಬ್ದಾರಿಯೂ ಬೇಡ ಅಂದೆ. ತಮ್ಮನ ಆತ್ಮಕ್ಕೆ ಪೂಜೆ ಕೊಡಿಸಬೇಕಾ ಅಂತ ಕೇಳಿದರು. ಮನಸ್ಸು ಬಂದಾಗ ಕೊಡಿಸಿ, ಬಾರದಿದ್ದರೆ ಅದನ್ನೂ ಪಾಪ ಅಂತ ಲೆಕ್ಕ ಇಡಬೇಡಿ.

ಅಕ್ಕನ ಒಪ್ಪಿಗೆ ಮೇಲೆ ತಮ್ಮನ ಹೆಂಡತಿ, ಮಗ, ಆ ಪಾಸ್ಟರ್ ಎಲ್ಲರನ್ನೂ ಒಂದು ದಿನ ಕೂರಿಸಿದೆ. ಪಾಸ್ಟರ್ ನೋಟ್‌ಬುಕ್ಕನ್ನು ಕೊನೆಯವರೆಗೂ ನೋಡಿದರು. ಹುಡುಗನ ಕಡೆ ತಿರುಗಿ, "ನಿಮ್ಮಪ್ಪ ನಂಬಿದ್ದು ನಿಜ. ಉಳಿದಿದ್ದನ್ನ ಮಾಡೋಕೆ ಅವನಿಗೆ ಟೈಮ್ ಸಿಗಲಿಲ್ಲ. ನಿನಗಿದೆ" ಅಂದರು. ಅಕ್ಕನ ಹತ್ತಿರ, ಪ್ರಾರ್ಥನೆಯ ದಿನ ನಿಮ್ಮ ಹೆಸರನ್ನು ಹೇಳಬೇಕಿತ್ತು ಅಂದರು.

ಬಳೆ, ಸರ ಅಡವಿನಿಂದ ಬಿಡಿಸಿ ತಂದುಕೊಟ್ಟಿದ್ದಾರೆ. ತೋಟದ ಪಾಲಿಗೆ ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ, ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿ ಮಾತು ನಡೆಯುತ್ತಿದೆ. ಅಕ್ಕ ಭಾನುವಾರ ಚರ್ಚಿಗೆ ಹೋಗುತ್ತಿದ್ದಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರಂತೆ. ತಮ್ಮನಿಗೆ ಪೂಜೆ ಕೊಡಿಸಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗುವುದು ಕಮ್ಮಿಯಾಗಿದೆ, ನಿಂತಿಲ್ಲ. ಕುಯ್ಲು ಮುಗಿದ ಮೇಲೆ ಮತ್ತೆ ಬರುತ್ತಾರೆ.