ಸಂಪಾದಕರ ಉತ್ತರ: ಬಂದು ನೆಲೆಸಿದವರು ಮತ್ತು ಊರಿನ ಹೊಣೆ

ತೀರ್ಥಹಳ್ಳಿಯಿಂದ ಪತ್ರ ಬರೆದ ಹಿರಿಯ ಓದುಗರಿಗೆ ನಮಸ್ಕಾರಗಳು.

ಕಳೆದ ಸಂಚಿಕೆಯಲ್ಲಿ ನಾವು ಅಮೆರಿಕದ ಒಹಾಯೊ ರಾಜ್ಯದ ಡೇಟನ್ ನಗರದ ಬಗ್ಗೆ ಬರೆದಿದ್ದೆವು. ವಲಸೆ ಬಂದವರನ್ನು ಬರಮಾಡಿಕೊಳ್ಳಲು ಮತ್ತು ಬೇರೆ ಬೇರೆ ಜನಾಂಗದವರ ನಡುವೆ ಒಡನಾಟ ಬೆಳೆಸಲು ಅಲ್ಲಿನ ನಗರಾಡಳಿತ ಮಾಡಿಕೊಂಡಿರುವ ವ್ಯವಸ್ಥೆಯ ಮಾದರಿಯಲ್ಲಿ ಶಿವಮೊಗ್ಗ ಮಹಾನಗರ ಪಾಲಿಕೆಯೂ ಒಂದು ಸಮಿತಿಯನ್ನು ರಚಿಸಬೇಕು ಎಂಬುದು ನಮ್ಮ ಸಲಹೆಯಾಗಿತ್ತು. ಅದನ್ನು ಒಪ್ಪದೆ ತಾವು ಬರೆದ ದೀರ್ಘ ಪತ್ರದ ಸಾರ ಇಷ್ಟು: ಬಾಗಿಲಿಗೆ ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನು ಬೇಕೆಂದು, ಕೇಳದೆ ಕಳಿಸುವ ಮನೆ ಮಲೆನಾಡಿನಲ್ಲಿಲ್ಲ, ಕುವೆಂಪು ಹುಟ್ಟಿದ ನೆಲಕ್ಕೆ ವಿಶ್ವಮಾನವತೆಯನ್ನು ಕಲಿಸಲು ಸಮಿತಿ ಬೇಕಿಲ್ಲ; ಶರಾವತಿಯ ಮುಳುಗಡೆ ಸಂತ್ರಸ್ತರಿಗೇ ಹಕ್ಕುಪತ್ರ ಸಿಗದಿರುವಾಗ ಹೊರರಾಜ್ಯದವರಿಗೆ ಸ್ವಾಗತ ಕೋರುವುದು ನ್ಯಾಯವಲ್ಲ; ಹೀಗೇ ಮುಂದುವರಿದರೆ ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಕನ್ನಡ ಕೇಳಿಸದ ದಿನ ಬಂದೀತು. ಕೊನೆಯಲ್ಲಿ, ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ ಎಂದೂ ಕೇಳಿದ್ದೀರಿ. ತಮ್ಮ ಪತ್ರದಲ್ಲಿ ಯಾರ ಮೇಲೂ ದ್ವೇಷದ ಮಾತಿಲ್ಲ. ಊರಿನ ಮೇಲಿನ ಅಕ್ಕರೆಯಿಂದ ಹುಟ್ಟಿದ ಆತಂಕವಿದೆ. ಅಂತಹ ಆತಂಕಕ್ಕೆ ಎರಡು ಸಾಲಿನ ಉತ್ತರ ಸಲ್ಲದೆಂದು ಇಷ್ಟು ಜಾಗ ತೆಗೆದುಕೊಂಡಿದ್ದೇನೆ.

ಮಲೆನಾಡಿನ ಆತಿಥ್ಯದ ಬಗ್ಗೆ ತಾವು ಹೇಳಿದ್ದು ನಿಜ. ಮೊಗಲರ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಅದರ ಪರಿಣಾಮವನ್ನೂ ಎದುರಿಸಿದ ಕೆಳದಿಯ ರಾಣಿ ಚೆನ್ನಮ್ಮ ನಮ್ಮ ನೆಲದವಳು. ಆದರೆ ಮನೆಯ ಆತಿಥ್ಯ ಮನೆಯ ಯಜಮಾನರ ಮನಸ್ಸನ್ನು ಅವಲಂಬಿಸಿದೆ, ಮತ್ತು ನೆಂಟರು ಹೊರಟುಹೋಗುತ್ತಾರೆ ಎಂಬ ತಿಳಿವಳಿಕೆ ಅದರ ಹಿಂದೆ ಸದಾ ಇರುತ್ತದೆ. ಜಾರ್ಖಂಡಿನಿಂದ ಬಂದು ಕೊಪ್ಪದ ಕಾಫಿ ತೋಟದ ಲೈನ್ ಮನೆಯಲ್ಲಿ ವರ್ಷಗಟ್ಟಲೆ ಸಂಸಾರ ಹೂಡಿದವನು ನೆಂಟನಲ್ಲ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಮುಂದೆ ನಿಲ್ಲುವ ಬಿಹಾರದ ಹುಡುಗ, ವಿನೋಬನಗರದ ಹೊಸ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುವ ಬಂಗಾಳದ ಮೇಸ್ತ್ರಿ, ಅಡಿಕೆ ಸುಲಿಯುವ ಕಾಲಕ್ಕೆ ಬಯಲುಸೀಮೆಯಿಂದ ಬರುವ ಹೆಂಗಸರು, ಇವರಾರೂ ನೆಂಟರಲ್ಲ. ಇವರಿಗೆ ಬೇಕಾದದ್ದು ಪಡಿತರ, ಮಗುವಿಗೆ ಶಾಲೆ, ಜ್ವರ ಬಂದರೆ ತಮ್ಮ ಮಾತನ್ನು ಅರ್ಥಮಾಡಿಕೊಳ್ಳುವ ವೈದ್ಯರು, ದುಡಿದ ಕೂಲಿ ಬಾರದಿದ್ದಾಗ ದೂರು ಕೊಡಲು ಒಂದು ಜಾಗ. ಇವು ಯಾವ ಮನೆಯ ಜಗಲಿಯಲ್ಲೂ ಸಿಗುವುದಿಲ್ಲ. ಒಳ್ಳೆಯ ಮಾಲೀಕರು ಸಿಕ್ಕವರು ನೆಮ್ಮದಿಯಾಗಿದ್ದಾರೆ, ಸಿಗದವರು ಇಲ್ಲ. ಈ ಅದೃಷ್ಟದ ಆಟವನ್ನು ಊರಿನ ಹೊಣೆಯಾಗಿ ಬದಲಿಸಬೇಕೆಂಬುದೇ ನಮ್ಮ ಸಲಹೆಯ ಹುರುಳು.

ಇವರು ಏಕೆ ಬಂದರು ಎಂಬುದನ್ನೂ ನೋಡಬೇಕು. ಅಡಿಕೆ ಕೊನೆ ಇಳಿಸಲು ಆಳು ಸಿಗುತ್ತಿಲ್ಲವೆಂಬ ಮಾತಿಲ್ಲದೆ ನಮ್ಮ ಕಡೆಯ ಯಾವ ಮದುವೆ ಮನೆಯ ಹರಟೆಯೂ ಮುಗಿಯುವುದಿಲ್ಲ. ಒಂದು ಕಾಲಕ್ಕೆ ಮಲೇರಿಯಾ ಮಲೆನಾಡಿನ ಊರುಗಳನ್ನೇ ಬರಿದು ಮಾಡಿತ್ತು. ಆಗ ತೋಟ, ಗದ್ದೆಗಳನ್ನು ಉಳಿಸಿದವರಲ್ಲಿ ಘಟ್ಟದ ಕೆಳಗಿನಿಂದ ಹತ್ತಿ ಬಂದ ತುಳು, ಕೊಂಕಣಿ ಮಾತಿನ ದುಡಿಮೆಗಾರರೂ ಇದ್ದರು. ಈಗ ಓದು ಮತ್ತು ನೌಕರಿ ನಮ್ಮ ಮಕ್ಕಳನ್ನು ಬೆಂಗಳೂರಿಗೆ, ಪುಣೆಗೆ, ಇನ್ನೂ ದೂರಕ್ಕೆ ಕರೆದೊಯ್ದಿವೆ. ಅಲ್ಲಿ ಬಾಡಿಗೆ ಮನೆ ಹುಡುಕುವಾಗ ನಮ್ಮ ಮಕ್ಕಳನ್ನು ಯಾರಾದರೂ ಹೀನಾಯವಾಗಿ ಕಂಡರೆ ನಮಗೆ ಆಗುವ ಸಂಕಟವನ್ನು ಗಾರೆ ಕೆಲಸದವನ ತಂದೆತಾಯಿಯೂ ತಮ್ಮ ಹಳ್ಳಿಯಲ್ಲಿ ಕುಳಿತು ಅನುಭವಿಸುತ್ತಾರೆ.

ಭದ್ರಾವತಿಯ ಉದಾಹರಣೆಯನ್ನು ತಾವು ಎತ್ತಿಲ್ಲ, ಎತ್ತಬೇಕಿತ್ತು ಎನ್ನಿಸಿತು. 1918ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಕಬ್ಬಿಣ ಕೊಡಲಾರಂಭಿಸಿದ ಕಾರ್ಖಾನೆ, ಆಮೇಲೆ 1930ರ ದಶಕದಲ್ಲಿ ಬಂದ ಕಾಗದ ಕಾರ್ಖಾನೆ, ಇವೆರಡಕ್ಕೂ ದುಡಿಯುವ ಕೈಗಳು ತಮಿಳು, ತೆಲುಗು, ಮಲಯಾಳ ಸೀಮೆಗಳಿಂದಲೂ ಬಂದವು. ಅವರು ಊರು ಬಿಟ್ಟು ಹೋಗಲಿಲ್ಲ. ಅವರ ಮೊಮ್ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿದರು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಕನ್ನಡ ಎಂಬ ಬಾಳ್ವೆ ಅಲ್ಲಿ ಸಹಜವಾಯಿತು. ಅದು ತಾನಾಗಿಯೇ ಆದದ್ದಲ್ಲ. ಕಾರ್ಖಾನೆ ವಸತಿಗೃಹ ಕಟ್ಟಿತು, ಆಸ್ಪತ್ರೆ ಮತ್ತು ಶಾಲೆ ನಡೆಸಿತು, ಕಾರ್ಮಿಕ ಸಂಘ ಎಲ್ಲ ಭಾಷೆಯವರನ್ನೂ ಒಂದೇ ಸಭೆಯಲ್ಲಿ ಕೂರಿಸಿತು. ಇಂದಿನ ಗುತ್ತಿಗೆ ಕೆಲಸಗಾರನಿಗೆ ಅಂತಹ ಕಾರ್ಖಾನೆ ಇಲ್ಲ. ಅವನನ್ನು ಕರೆತಂದ ಗುತ್ತಿಗೆದಾರ ಮುಂದಿನ ವರ್ಷ ಎಲ್ಲಿರುತ್ತಾನೋ ತಿಳಿಯದು. ಹಿಂದೆ ಕಾರ್ಖಾನೆ ಹೊತ್ತಿದ್ದ ಹೊಣೆಯಲ್ಲಿ ಒಂದಿಷ್ಟನ್ನು ಈಗ ಊರೇ ಹೊರಬೇಕಾಗಿದೆ.

ಡೇಟನ್ ನಮಗೆ ಹತ್ತಿರದ್ದೆನ್ನಿಸಿದ್ದೂ ಇದೇ ಕಾರಣಕ್ಕೆ. ಅದು ರೈಟ್ ಸಹೋದರರ ಊರು, ಕಾರ್ಖಾನೆಗಳಿಂದ ಬೆಳೆದ ಊರು. 1960ರಲ್ಲಿ ಅಲ್ಲಿನ ಜನಸಂಖ್ಯೆ 2 ಲಕ್ಷ 62 ಸಾವಿರವಿತ್ತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಅಥವಾ ಬೇರೆಡೆಗೆ ಹೋಗಿ, 2010ರ ಹೊತ್ತಿಗೆ ಅದು 1 ಲಕ್ಷ 41 ಸಾವಿರಕ್ಕೆ ಇಳಿಯಿತು. ಮನೆಗಳು ಪಾಳು ಬಿದ್ದವು. ಇಂತಹ ಹೊತ್ತಿನಲ್ಲಿ ‘ಇರುವವರಿಗೇ ಕೆಲಸವಿಲ್ಲ, ಹೊಸಬರು ಬೇಡ’ ಎಂದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಊರಿನವರ ಸಭೆಗಳಲ್ಲಿ ಚರ್ಚೆಯಾದ ಯೋಜನೆಯೊಂದನ್ನು ನಗರಾಡಳಿತ 2011ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. ವ್ಯಾಪಾರ ಮತ್ತು ಉದ್ಯೋಗ, ಸ್ಥಳೀಯ ಆಡಳಿತ ಮತ್ತು ನ್ಯಾಯ, ಆರೋಗ್ಯ ಮತ್ತು ಸಾಮಾಜಿಕ ಸೇವೆ, ಶಿಕ್ಷಣ ಮತ್ತು ಸಂಸ್ಕೃತಿ ಎಂದು ಅದರ ಕೆಲಸವನ್ನು ಹಂಚಲಾಯಿತು. ಹಿಂದಿನ ಸೋವಿಯತ್ ನಾಡಿನಿಂದ ನೆಲೆ ತಪ್ಪಿದ ಅಹಿಸ್ಕಾ ತುರ್ಕರು ಅಲ್ಲಿಗೆ ಬಂದು, ಊರಿನ ಉತ್ತರ ಭಾಗದ ಪಾಳು ಮನೆಗಳನ್ನು ಕೊಂಡು ದುರಸ್ತಿ ಮಾಡಿ ವಾಸಕ್ಕೆ ತಂದರು. ಡೇಟನ್ನಿನ ಎಲ್ಲ ಕಷ್ಟಗಳೂ ಇದರಿಂದ ತೀರಿದವೆಂದು ನಾನು ಹೇಳಲಾರೆ, ತೀರಿಲ್ಲ. ನಮ್ಮಲ್ಲಿ ಕಾಗದ ಕಾರ್ಖಾನೆ ನಿಂತುಹೋದ ಮೇಲೆ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಎದ್ದ ಮೇಲೆ, ಭದ್ರಾವತಿಯ ಖಾಲಿ ವಸತಿಗೃಹಗಳ ಮುಂದೆ ಹಾದುಹೋಗುವವರಿಗೆ ಆ ಊರಿನ ಕಥೆ ಪರಕೀಯವೆನಿಸದು.

ಇನ್ನು ಶರಾವತಿಯ ಪ್ರಶ್ನೆ. ತಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ ಭಾಗ ಇದು. ನಾಡಿಗೆ ಬೆಳಕು ಕೊಡಲೆಂದು ಮೊದಲು ಹಿರೇಭಾಸ್ಕರ, ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಮನೆ, ಗದ್ದೆ, ದೇವಸ್ಥಾನ ಎಲ್ಲವನ್ನೂ ನೀರಿಗೆ ಬಿಟ್ಟು ಬಂದವರನ್ನು ಕಾಡಿನ ನಡುವೆ ಇಳಿಸಲಾಯಿತು. ಕೊಟ್ಟ ನೆಲ ಅರಣ್ಯ ಇಲಾಖೆಯ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದದ್ದರಿಂದ ಅವರಲ್ಲಿ ಅನೇಕರ ಮೂರನೆಯ ತಲೆಮಾರೂ ಹಕ್ಕುಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಿದೆ. ಈ ಅನ್ಯಾಯದ ಬಗ್ಗೆ ನಮ್ಮ ಪತ್ರಿಕೆ ಬರೆಯುತ್ತಲೇ ಬಂದಿದೆ, ಮುಂದೆಯೂ ಬರೆಯುತ್ತದೆ. ಆದರೆ ಇದರಿಂದ ತಾವು ತಲುಪುವ ತೀರ್ಮಾನವನ್ನು ನಾನು ಒಪ್ಪಲಾರೆ. ಒಡಿಶಾದ ಗಾರೆ ಕೆಲಸದವನಿಗೆ ಪಡಿತರ ಸಿಗದಂತೆ ಮಾಡಿದರೆ ಸಂತ್ರಸ್ತರ ಹಕ್ಕುಪತ್ರ ಒಂದು ದಿನವೂ ಮುಂಚೆ ಬರುವುದಿಲ್ಲ. ಬೇರು ಕಿತ್ತು ಬಂದು, ಕಾಗದವಿಲ್ಲದೆ, ಯಾವ ಕಚೇರಿಯೂ ತನ್ನದೆನ್ನದ ಬದುಕು ಹೇಗಿರುತ್ತದೆಂದು ಈ ಜಿಲ್ಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ. ಇಂತಹ ಸಮಿತಿಯೊಂದು ರಚನೆಯಾದರೆ ಅದರಲ್ಲಿ ಮೊದಲ ಕುರ್ಚಿ ಮುಳುಗಡೆ ಊರಿನವರೊಬ್ಬರಿಗೆ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಡದ ವಿಷಯದಲ್ಲಿ ತಮ್ಮ ಕಾಳಜಿ ನನ್ನದೂ ಹೌದು. ಆದರೆ ಅಂಗಡಿಗೆ ಬಂದ ಅಸ್ಸಾಮಿನ ಹುಡುಗನೊಡನೆ ಮೊದಲು ಅರೆಬರೆ ಹಿಂದಿಯಲ್ಲಿ ಮಾತಿಗಿಳಿಯುವವರು ನಾವೇ. ಅವನಿಗೂ ಹಿಂದಿ ತಾಯ್ನುಡಿಯಲ್ಲ. ಹೀಗೆ ವರ್ಷಗಳು ಕಳೆದು ಅವನಿಗೆ ಕನ್ನಡ ಬಾರದಿದ್ದರೆ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುವುದು ಸರಿಯಲ್ಲ. ಕನ್ನಡೇತರರಿಗೆ ಕನ್ನಡ ಕಲಿಸುವ ಕೇಂದ್ರಗಳನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಡೆಸುತ್ತ ಬಂದಿದೆ. ಅಂತಹ ಕಲಿಕೆಯನ್ನು ಭಾನುವಾರ ಮಾಚೇನಹಳ್ಳಿಗೆ, ಕೆಲಸ ಬಿಟ್ಟ ಮೇಲಿನ ಸಂಜೆಗಳಲ್ಲಿ ಕಟ್ಟಡ ಕೆಲಸಗಾರರ ಶೆಡ್ಡುಗಳಿಗೆ ಕೊಂಡೊಯ್ಯುವುದೇ ಸಮಿತಿಯ ಮೊದಲ ಕಾರ್ಯಕ್ರಮವಾಗಲಿ. ಕೂಲಿಯ ಲೆಕ್ಕ, ಬಸ್ಸಿನ ಫಲಕ, ಔಷಧದ ಚೀಟಿ, ಬಾಡಿಗೆ ಕರಾರು, ಇವುಗಳ ಕನ್ನಡವನ್ನು ಮೊದಲು ಕಲಿಸಬೇಕು. ತಮ್ಮಂತಹ ನಿವೃತ್ತ ಅಧ್ಯಾಪಕರು ಅಲ್ಲಿ ಪಾಠ ಹೇಳಿದರೆ ಅದಕ್ಕಿಂತ ದೊಡ್ಡ ಕನ್ನಡದ ಕೆಲಸ ನನಗಂತೂ ತೋಚುವುದಿಲ್ಲ.

ಮಕ್ಕಳ ವಿಷಯದಲ್ಲಿ ಕಾನೂನು ಈಗಾಗಲೇ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ, ವಯಸ್ಸಿನ ದಾಖಲೆ ಇಲ್ಲವೆಂದೋ ವರ್ಗಾವಣೆ ಪತ್ರ ತಡವಾಯಿತೆಂದೋ ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲ. ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ವಿಶೇಷ ತರಬೇತಿಯನ್ನೂ ಕೊಡಬೇಕು. ಪಡಿತರ ಚೀಟಿಯನ್ನು ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬಳಸುವ ವ್ಯವಸ್ಥೆಯೂ ಬಂದಿದೆ. ಆದರೆ ಈ ಸಂಗತಿಗಳು ಲೈನ್ ಮನೆಗೂ ಶೆಡ್ಡಿಗೂ ಅವರ ಭಾಷೆಯಲ್ಲಿ ತಲುಪಿಲ್ಲ, ಕೆಲವೆಡೆ ಸಿಬ್ಬಂದಿಗೂ ತಲುಪಿಲ್ಲ.

ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನದೇ ಸಾಕ್ಷಿ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡನ್ನು ನಡುಗಿಸಿದ ಈ ಜ್ವರ ಉಣುಗಿನಿಂದ ಹರಡುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಇಲ್ಲಿ ಹುಟ್ಟಿ ಬೆಳೆದ ಮಗುವೂ ಆ ಕಡೆ ಹೋಗುವುದಿಲ್ಲ, ತರಗೆಲೆ ಗುಡಿಸಲು ಹೊರಟವರು ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಛತ್ತೀಸಗಡದಿಂದ ಡಿಸೆಂಬರಿನಲ್ಲಿ, ಅಂದರೆ ಕಾಯಿಲೆಯ ಕಾಲ ಶುರುವಾಗುವಾಗಲೇ, ತೋಟಕ್ಕೆ ಬಂದಿಳಿದವನಿಗೆ ಇದನ್ನು ಹೇಳುವವರು ಯಾರು? ಆಶಾ ಕಾರ್ಯಕರ್ತೆಯ ಕನ್ನಡ ಅವನಿಗೆ ತಿಳಿಯದು, ಅವನ ಮಾತು ಆಕೆಗೆ ತಿಳಿಯದು. ಹೀಗೆ ಎಚ್ಚರಿಕೆ ತಲುಪದ ಒಬ್ಬನ ಜ್ವರ ಪತ್ತೆಯಾಗುವುದು ತಡವಾದರೆ, ಅದೇ ಕಾಡಿನಂಚಿನ ಉಳಿದವರಿಗೆ ಸಿಗಬೇಕಾದ ಎಚ್ಚರಿಕೆಯೂ ತಡವಾಗುತ್ತದೆ.

ತಮ್ಮ ಪತ್ರದಲ್ಲಿ ಮೆಲುವಾಗಿ ಸೂಚಿಸಿದ ಇನ್ನೊಂದು ಮಾತಿದೆ: ಬಂದವರಲ್ಲಿ ದೇಶದ ಹೊರಗಿನವರೂ ಸೇರಿಕೊಂಡಿರಬಹುದಲ್ಲವೇ ಎಂಬುದು. ಪೌರತ್ವ ಪರಿಶೀಲನೆಗೆ ಕಾನೂನಿದೆ, ಅದು ಪೊಲೀಸರ ಮತ್ತು ಸರ್ಕಾರದ ಕೆಲಸ. ಸಮಿತಿ ಅದಕ್ಕೆ ಅಡ್ಡಬರಬಾರದು, ಅದನ್ನು ತಾನೇ ಕೈಗೆತ್ತಿಕೊಳ್ಳಲೂ ಬಾರದು. ಬಂಗಾಳಿ ಮಾತನಾಡುವವರೆಲ್ಲ ಗಡಿಯಾಚೆಯವರೆಂಬ ಗುಮಾನಿ ಮಾತ್ರ ದೊಡ್ಡ ಅನ್ಯಾಯ. ಭಾರತದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಪ್ರತಿ ಪ್ರಜೆಗೂ ಕೊಟ್ಟಿದೆ. ಮುರ್ಶಿದಾಬಾದಿನ ಕೆಲಸಗಾರನಿಗೆ ಶಿವಮೊಗ್ಗದಲ್ಲಿರುವ ಹಕ್ಕು, ತೀರ್ಥಹಳ್ಳಿಯ ಇಂಜಿನಿಯರಿಗೆ ಕೋಲ್ಕತ್ತದಲ್ಲಿರುವ ಹಕ್ಕಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಲ್ಲ.

ಕೊನೆಯದಾಗಿ, ಸಮಿತಿಯ ರಚನೆ ಮತ್ತು ಹಣ. ಹೊಸ ಇಲಾಖೆ ಬೇಕಿಲ್ಲ. ಮೂರು ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿಯೇ ಹೇಳಿದೆ, ಮತ್ತು 2011ರ ಜನಗಣತಿಯಲ್ಲೇ ಶಿವಮೊಗ್ಗ ಆ ಗಡಿಯನ್ನು ದಾಟಿದೆ. ಪಾಲಿಕೆ, ಕಾರ್ಮಿಕ ಇಲಾಖೆ, ಶಿಕ್ಷಣ ಇಲಾಖೆ, ಮೆಗ್ಗಾನ್ ಆಸ್ಪತ್ರೆ, ಇವುಗಳ ತಲಾ ಒಬ್ಬ ಪ್ರತಿನಿಧಿಯೊಡನೆ ವಲಸೆ ಕೆಲಸಗಾರರಿಂದಲೇ ಆರಿಸಿದ ಕೆಲವರನ್ನು, ಅದರಲ್ಲೂ ಹೆಂಗಸರನ್ನು, ಕೂರಿಸಿದರೆ ಸಾಕು; ಅವರಿಲ್ಲದೆ ಅವರ ಬಗ್ಗೆ ಚರ್ಚಿಸುವ ಸಭೆಯಿಂದ ಏನೂ ಆಗದು. ಹಣದ ಒಂದು ಭಾಗವಂತೂ ಈಗಾಗಲೇ ಸಂಗ್ರಹವಾಗುತ್ತಿದೆ. ಕಾನೂನಿನಂತೆ ಕಟ್ಟಡಗಳ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾವ ಕೆಲಸಗಾರನೂ, ಯಾವ ರಾಜ್ಯದವನಾಗಿರಲಿ, ಅಲ್ಲಿ ಹೆಸರು ನೋಂದಾಯಿಸಬಹುದು. ಅದಕ್ಕೆ ಕೆಲಸದ ಪ್ರಮಾಣಪತ್ರ ಬೇಕು, ಕನ್ನಡದಲ್ಲಿರುವ ಅರ್ಜಿಯನ್ನು ತುಂಬಿಸಲು ಪಕ್ಕದಲ್ಲಿ ಕೂರುವ ಒಬ್ಬರು ಬೇಕು, ದಿನಗೂಲಿ ತಪ್ಪದ ಹೊತ್ತಿನಲ್ಲಿ ತೆರೆದಿರುವ ಒಂದು ಮೇಜು ಬೇಕು. ಪಾಲಿಕೆ ಕಚೇರಿಯಲ್ಲಿ ಆ ಮೇಜನ್ನು ಭಾನುವಾರ ಹಾಕಿಸುವಂತೆ ಕೋರಿ ನಾವು ಸಿದ್ಧಪಡಿಸಿರುವ ಮನವಿಯ ಪ್ರತಿಯನ್ನು ಈ ಉತ್ತರದೊಂದಿಗೆ ತಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ತಿದ್ದಬೇಕಾದ್ದನ್ನು ತಿದ್ದಿ, ಒಪ್ಪಿಗೆಯಾದರೆ ತಾವೂ ಸಹಿ ಹಾಕಿ ಕಳಿಸಬೇಕೆಂದು ಕೋರುತ್ತೇನೆ.

ಸಂಪಾದಕ