ಚಿತ್ರೀಕರಣದ ಸಂಜೆ ತಾರಷಡ್ಜ ಒಡೆಯುವುದು
ಹಗಲೆಲ್ಲ ಧಾರಾವಾಹಿಯ ಚಿತ್ರೀಕರಣ ಮುಗಿಸಿ ಸಂಜೆ ಹಾಡಲು ಕುಳಿತರೆ ತಾರಷಡ್ಜ, ಅಂದರೆ ಮೇಲಿನ ಸ್ಥಾಯಿಯ ‘ಸ’, ಒಡೆಯುತ್ತದೆ ಎಂದಿದ್ದೀರಿ. ಬಹುಶಃ ಧ್ವನಿತಂತುಗಳು ದಣಿದಿವೆ; ನಟಿಸುತ್ತ ಹಾಡುವ ನನ್ನ ಶಿಷ್ಯೆಯರಲ್ಲಿ ಅತ್ತು ಕಿರುಚುವ ದೃಶ್ಯವಿದ್ದ ದಿನವೇ ಇದು ಹೆಚ್ಚು. ಮೊದಲು, ತಾಲೀಮಿನಲ್ಲಿ ಪೂರ್ತಿ ದನಿ ಎತ್ತಬೇಡಿ, ಕೂಗನ್ನು ಟೇಕ್‌ಗೆ ಉಳಿಸಿಕೊಳ್ಳಿ. ನಿರ್ದೇಶಕರಿಗೆ ಹೇಳಲು ಸಂಕೋಚ ಬೇಡ, ಗಂಟಲು ನಿಮ್ಮದು. ಬಿಡುವಿನಲ್ಲಿ ಪಿಸುಗುಟ್ಟುವುದೂ ಶ್ರಮವೇ, ಸುಮ್ಮನಿರಿ. ಗಂಟಲು ಕೆರೆಯುವ ಬದಲು ಒಂದು ಗುಟುಕು ನೀರು ಕುಡಿಯಿರಿ. ಪ್ಯಾಕಪ್ ಆದ ಮೇಲೆ ಹಬೆ ತೆಗೆದುಕೊಂಡು, ಅರ್ಧ ಗಂಟೆ ಮೌನವಾಗಿದ್ದು, ಆಮೇಲೆ ಬಾಯಿಮುಚ್ಚಿ ಗುನುಗುತ್ತ ಮಂದ್ರದಿಂದ (ಕೆಳಗಿನ ಸ್ಥಾಯಿಯಿಂದ) ನಿಧಾನವಾಗಿ ಮೇಲೇರಿ. ತಂತುಗಳಲ್ಲಿ ಗಂಟು ಬೆಳೆದಿದೆಯೇ ಎಂಬುದು ಪರೀಕ್ಷಿಸದೆ ತಿಳಿಯದು. ಮೂರು ವಾರವಾದರೂ ದನಿ ತಿಳಿಯಾಗದಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆಯಲ್ಲಿ ತೋರಿಸಿ. ರಾಮನವಮಿಯ ಕಛೇರಿ ಒಪ್ಪಿಕೊಂಡಿದ್ದರೆ ಸದ್ಯಕ್ಕೆ ಶ್ರುತಿಯನ್ನು ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಒಂದು ಪಕ್ಕದ ಸ್ವರದಷ್ಟು, ಇಳಿಸಿ ಹಾಡಿ.