ಡ್ರಾ ಆದರೂ ಮೂರು ಪಾಯಿಂಟ್ ಯಾಕೆ?

ತರೀಕೆರೆಯ ಓದುಗರೊಬ್ಬರು ಕೇಳಿದ್ದಾರೆ: 'ರಣಜಿ ಪಂದ್ಯ ನಾಲ್ಕು ದಿನ ನಡೆದು ಡ್ರಾ ಆಗುತ್ತದೆ. ಆದರೂ ಒಂದು ತಂಡಕ್ಕೆ 3 ಪಾಯಿಂಟ್, ಇನ್ನೊಂದಕ್ಕೆ 1. ಯಾರೂ ಗೆಲ್ಲದ ಮೇಲೆ ಈ ತಾರತಮ್ಯ ಯಾಕೆ?'

ಒಳ್ಳೆಯ ಪ್ರಶ್ನೆ. ನನ್ನ ಮಟ್ಟಿಗೆ ಆ 3 ಪಾಯಿಂಟ್ ಪೂರ್ತಿ ನ್ಯಾಯ.

ಲೀಗ್ ಪಂದ್ಯದಲ್ಲಿ ದಿನಕ್ಕೆ 90 ಓವರ್. ನಡುವೆ ಊಟ, ಟೀ. ಹೀಗೆ ದಿನಕ್ಕೆ ಮೂರು ಸೆಷನ್. ಮಳೆ, ಮಂದ ಬೆಳಕು ಕಾಡದಿದ್ದರೆ ಒಟ್ಟು 360 ಓವರ್. ಅಷ್ಟರಲ್ಲಿ ಎರಡೂ ತಂಡಗಳ ಎರಡೆರಡು ಇನಿಂಗ್ಸ್ ಮುಗಿಯಬೇಕು. ಬ್ಯಾಟಿಂಗ್ ಪಿಚ್ ಆದರೆ ಒಂದೇ ತಂಡ ಐದು ಸೆಷನ್ ಆಡಿಬಿಡುತ್ತದೆ. ಆಮೇಲೆ 20 ವಿಕೆಟ್ ಕೀಳುವುದಕ್ಕೆ ಸಮಯ ಎಲ್ಲಿ? ಎರಡೂ ತಂಡ ಸರಿಸಮ ಅವಕಾಶದಲ್ಲಿ ಆಡಿ ಮುಗಿಸುವುದು ಮೊದಲ ಇನಿಂಗ್ಸ್ ಮಾತ್ರ. ಹಾಗಾಗಿ ಅದರಲ್ಲಿ ಎದುರಾಳಿಗಿಂತ ಹೆಚ್ಚು ರನ್ ಹೊಡೆದರೆ, ಅಂದರೆ ಲೀಡ್ ಪಡೆದರೆ 3. ಪೂರ್ತಿ ಗೆದ್ದರೆ 6, ಇನಿಂಗ್ಸ್ ಅಥವಾ 10 ವಿಕೆಟ್ ಅಂತರದಲ್ಲಿ ಗೆದ್ದರೆ 7.

ನಾಕೌಟ್‌ನಲ್ಲಂತೂ ಡ್ರಾ ಆದರೆ ಲೀಡ್ ಪಡೆದವರೇ ಮುಂದಕ್ಕೆ. 1974ರ ಸೆಮಿಫೈನಲ್ ನೆನಪಿಸಿಕೊಳ್ಳಿ. ಬಾಂಬೆ ಅದಕ್ಕೆ ಮೊದಲು ಸತತ 15 ಸಲ ರಣಜಿ ಗೆದ್ದಿತ್ತು. ಬೆಂಗಳೂರಿನಲ್ಲಿ ನಮ್ಮವರು 385 ರನ್ ಹೊಡೆದರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ರನ್ನಿಗೆ ಓಡುವಾಗ ಕಾಲು ಜಾರಿ ರನ್‌ಔಟ್ ಆದರು. ಬಾಂಬೆ 307ಕ್ಕೆ ಆಲೌಟ್! ಪಂದ್ಯ ಡ್ರಾ. ಆದರೆ ಆ 78 ರನ್ ಲೀಡ್‌ನಿಂದ ಫೈನಲ್ ತಲುಪಿದ ಕರ್ನಾಟಕ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಎತ್ತಿಕೊಂಡಿತು. ಆ ಡ್ರಾ ಬರೀ ಡ್ರಾ ಅಂತ ಯಾರಾದರೂ ಹೇಳುತ್ತಾರಾ?

ಒಂದು ದೂರು ಮಾತ್ರ ನಾನೂ ಒಪ್ಪುತ್ತೇನೆ. ಲೀಡ್ ಸಿಕ್ಕಿದ ಕೂಡಲೇ ಕೆಲವು ತಂಡಗಳು ಗೆಲ್ಲುವ ಆಸೆ ಬಿಟ್ಟು ಸುಮ್ನೆ ಆಡುತ್ತಾ ಕೂರುತ್ತವೆ. ನೋಡುವವರಿಗೆ ಬೇಜಾರು, ಬೌಲರ್‌ಗಳಿಗೆ ಇನ್ನೂ ಜಾಸ್ತಿ. ಇಂಗ್ಲೆಂಡಿನ ಕೌಂಟಿಯಲ್ಲಿ ಮೊದಲ ಇನಿಂಗ್ಸ್‌ನ ರನ್ನಿಗೂ ವಿಕೆಟ್ಟಿಗೂ ಬೋನಸ್ ಪಾಯಿಂಟ್ ಇದೆ. ವಿಕೆಟ್ಟಿನ ಬೋನಸ್ಸನ್ನಾದರೂ ನಮ್ಮಲ್ಲಿ ತರಬೇಕು.

ನಿಮಗೆ ಶಿವಮೊಗ್ಗ ಹತ್ತಿರವೇ ಅಲ್ವಾ? ನವುಲೆ ಮೈದಾನಕ್ಕೆ ರಣಜಿ ಬಂದಾಗ ಮೂರನೇ ದಿನ ಹೋಗಿ. ಲೀಡ್‌ಗೆ 20 ರನ್ ಬೇಕು, ಕೊನೆಯ ಜೋಡಿ ಕ್ರೀಸಿನಲ್ಲಿದೆ ಅನ್ನುವ ಹೊತ್ತಿಗೆ ಅಲ್ಲಿದ್ದರೆ ಪ್ರತಿ ಒಂಟಿ ರನ್ನಿಗೂ ನೀವೇ ಚಪ್ಪಾಳೆ ಹೊಡೆಯುತ್ತೀರಿ.